ಮನೆಯ ದೀಪ, ಮನೆಯ ಫ್ಯಾನು ಮತ್ತು ನದಿಯ ನೀರು

(ಗ್ರಾಮ ಪರಿಸರ ಶಿಬಿರದ ಉಪನ್ಯಾಸದ ಲಿಖಿತ ರೂಪ)



ನದಿಗೆ ಅಣೆಕಟ್ಟು ಬೇಡ, ಕಾಡಿನ ನಡುವೆ ತಂತಿಮಾರ್ಗ ಬೇಡ ಎಂದು ಧ್ವನಿ ಎತ್ತಿದವರಿಗೆ ಎದುರಾಗುವ ಪ್ರಶ್ನೆ ಒಂದೇ. “ನಿಮ್ಮ ಮನೆಯಲ್ಲಿ ದೀಪ ಉರಿಯುವುದಿಲ್ಲವೇ? ಫ್ಯಾನು ತಿರುಗುವುದಿಲ್ಲವೇ? ಆ ವಿದ್ಯುತ್ತು ಎಲ್ಲಿಂದ ಬರಬೇಕು?” ಪ್ರಶ್ನೆ ಕುಹಕದ್ದಾಗಿರಬಹುದು. ಆದರೂ ಅದರಲ್ಲಿ ಸತ್ಯದ ಒಂದು ಅಂಶವಿದೆ. ನದಿಯನ್ನು ಉಳಿಸಬೇಕೆನ್ನುವವರ ಮನೆಯಲ್ಲಿ ವಿದ್ಯುತ್ತು ಹೇಗೆ ಬಳಕೆಯಾಗುತ್ತಿದೆ ಎಂಬ ಲೆಕ್ಕ ಅವರ ಬಳಿ ಇರಬೇಕು. ಇಂದಿನ ಉಪನ್ಯಾಸದ ವಿಷಯ ಆ ಲೆಕ್ಕವೇ. ಮನೆಗೆ ಯಾವ ದೀಪ ತರಬೇಕು, ಯಾವ ಫ್ಯಾನು ತರಬೇಕು, ಎಲ್ಲಿ ಯಾವುದೂ ಬೇಡ ಎಂಬುದರ ವಿಚಾರ.

ಒಂದು ಯೂನಿಟ್ಟಿನ ಬೆಲೆ

ಶರಾವತಿ ಕಣಿವೆಗೆ ಮೊದಲು ಬಂದದ್ದು 1940ರ ದಶಕದ ಹಿರೇಭಾಸ್ಕರ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಆ ಹಳೆಯ ಅಣೆಕಟ್ಟೇ ನೀರಿನಲ್ಲಿ ಮುಳುಗಿತು. ಅದರೊಡನೆ ಊರುಗಳು, ಗದ್ದೆಗಳು, ಅಡಿಕೆ ತೋಟಗಳು, ದೇವರ ಬನಗಳು ಮುಳುಗಿದವು. ಅಲ್ಲಿಂದ ಹರಿದ ನೀರು ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸಿ ನಾಡಿಗೆ ಬೆಳಕು ಕೊಟ್ಟಿತು. ನೆಲ ಬಿಟ್ಟುಕೊಟ್ಟ ಅನೇಕ ಕುಟುಂಬಗಳ ಮನೆಯಲ್ಲಿ ಮಾತ್ರ ದಶಕಗಳ ಕಾಲ ಚಿಮಣಿ ಬುಡ್ಡಿಯೇ ಉರಿಯಿತು.

ಶರಾವತಿಯ ನೀರು ನಾನೂರು ಮೀಟರಿಗೂ ಹೆಚ್ಚು ಎತ್ತರದಿಂದ ಕೊಳವೆಗಳಲ್ಲಿ ಇಳಿದು ಯಂತ್ರಗಳಿಗೆ ಬಡಿಯುತ್ತದೆ. ಅಷ್ಟು ಎತ್ತರದಿಂದ ಇಳಿಯುವ ಒಂದು ಸಾವಿರ ಲೀಟರ್ ನೀರಿನಿಂದ ಸ್ಥೂಲವಾಗಿ ಒಂದು ಯೂನಿಟ್ ವಿದ್ಯುತ್ತು ದೊರೆಯುತ್ತದೆ. ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳು ನೀರಿನ ತೂಕ, ಗುರುತ್ವ ಮತ್ತು ಎತ್ತರವನ್ನು ಗುಣಿಸಿ ಇದನ್ನು ತಾವೇ ಪರೀಕ್ಷಿಸಬಹುದು. ಸಾವಿರ ಲೀಟರ್ ಎಂದರೆ ತಲೆಯ ಮೇಲೆ ಹೊರುವ ಐವತ್ತು ಅರವತ್ತು ಕೊಡ ನೀರು. ಅದೇ ಯೂನಿಟ್ಟು ಕಲ್ಲಿದ್ದಲಿನ ಸ್ಥಾವರದಿಂದ ಬಂದರೆ ಅಲ್ಲಿ ಮುಕ್ಕಾಲು ಕಿಲೋಗ್ರಾಮಿನ ಆಸುಪಾಸು ಕಲ್ಲಿದ್ದಲು ಸುಟ್ಟಿರುತ್ತದೆ, ಒಂದು ಕಿಲೋಗ್ರಾಮಿನ ಹತ್ತಿರ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರಿರುತ್ತದೆ. ಗೋಡೆಯ ಸ್ವಿಚ್ಚಿನ ಹಿಂದೆ ಈ ನೀರು, ಈ ಹೊಗೆ ಕಾಣುವುದಿಲ್ಲ. ಕಾಣಿಸುವುದು ಈ ಲೆಕ್ಕದ ಉದ್ದೇಶ.

ಬಲ್ಬಿನಿಂದ ಎಲ್.ಇ.ಡಿ.ವರೆಗೆ

ಹಳೆಯ ಕಾಲದ ತಂತಿಯ ಬಲ್ಬು ನಿಜವಾಗಿ ಒಂದು ಸಣ್ಣ ಒಲೆ. ಅದಕ್ಕೆ ಕೊಟ್ಟ ವಿದ್ಯುತ್ತಿನ ನೂರರಲ್ಲಿ ತೊಂಬತ್ತು ಪಾಲಿಗಿಂತ ಹೆಚ್ಚು ಶಾಖವಾಗಿ ಹೋಗಿ, ಉಳಿದ ಅಲ್ಪ ಪಾಲು ಮಾತ್ರ ಬೆಳಕಾಗುತ್ತದೆ. 60 ವಾಟಿನ ಬಲ್ಬು ಕೊಡುವ ಬೆಳಕು ಸುಮಾರು 700 ಲ್ಯೂಮೆನ್. ಸಿ.ಎಫ್.ಎಲ್. ದೀಪ ಅದೇ ಬೆಳಕನ್ನು 14 ವಾಟಿನ ಆಸುಪಾಸಿನಲ್ಲಿ ಕೊಟ್ಟಿತು. ಇಂದು 9 ವಾಟಿನ ಎಲ್.ಇ.ಡಿ. ಬಲ್ಬು ಅದಕ್ಕಿಂತ ಸ್ವಲ್ಪ ಹೆಚ್ಚೇ ಬೆಳಕನ್ನು ಕೊಡುತ್ತದೆ. ನೀಲಿ ಬೆಳಕಿನ ಎಲ್.ಇ.ಡಿ.ಯ ಆವಿಷ್ಕಾರದಿಂದ ಬಿಳಿಯ ದೀಪ ಸಾಧ್ಯವಾಯಿತು. ಅದಕ್ಕಾಗಿ ಜಪಾನಿನಲ್ಲಿ ಜನಿಸಿದ ಅಕಾಸಾಕಿ, ಅಮಾನೊ ಮತ್ತು ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಆವಿಷ್ಕಾರ ಹಳ್ಳಿಯ ಮನೆಗೆ ತಲುಪಿದ್ದು ಬೆಲೆ ಇಳಿದ ಮೇಲೆ. 2014ರ ಆರಂಭದಲ್ಲಿ ಸರ್ಕಾರಿ ಸಗಟು ಖರೀದಿಯಲ್ಲಿ ಒಂದು ಎಲ್.ಇ.ಡಿ. ಬಲ್ಬಿಗೆ 310 ರೂಪಾಯಿ ಇತ್ತು. 2016ರ ವೇಳೆಗೆ ಅದು 38 ರೂಪಾಯಿಗೆ ಇಳಿಯಿತು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ, ಈ ಬಲ್ಬುಗಳನ್ನು ಮನೆಮನೆಗೆ ತಂದಿತು.

ಕೊಳ್ಳುವಾಗ ವಾಟನ್ನು ಮಾತ್ರ ನೋಡಿದರೆ ಸಾಲದು. ಬೆಳಕಿನ ಅಳತೆ ಲ್ಯೂಮೆನ್. ಪೆಟ್ಟಿಗೆಯ ಮೇಲೆ ಅದು ಮುದ್ರಿತವಾಗಿರುತ್ತದೆ. ಒಂದು ವಾಟಿಗೆ ನೂರರ ಹತ್ತಿರ ಲ್ಯೂಮೆನ್ ಕೊಡುವ ದೀಪ ಉತ್ತಮ. ಭಾರತೀಯ ಮಾನಕ ಬ್ಯೂರೋದ ಗುರುತು, ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿ ಮತ್ತು ಖಾತರಿಯ ಅವಧಿ ಇವು ಮೂರೂ ಇರಬೇಕು. ಸಂತೆಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ಹೆಸರಿಲ್ಲದ ಬಲ್ಬು ಆರು ತಿಂಗಳಲ್ಲಿ ಮಿಣುಕಿ ಆರಿದರೆ ಅದು ಉಳಿತಾಯವಲ್ಲ. ಊರಿನ ಕಸಕ್ಕೆ ಒಂದು ಸೇರ್ಪಡೆ.

ಮಲೆನಾಡಿಗೆ ವಿಶೇಷವಾದ ಎರಡು ಎಚ್ಚರಿಕೆಗಳಿವೆ. ಮೊದಲನೆಯದು ವೋಲ್ಟೇಜು. ತಂತಿಮಾರ್ಗದ ತುದಿಯಲ್ಲಿರುವ ಒಂಟಿ ಮನೆಗಳಿಗೆ ಸಂಜೆಯ ವೇಳೆ ವೋಲ್ಟೇಜು ಬಹಳ ಕುಸಿಯುತ್ತದೆ. ತಾಮ್ರದ ಚೋಕಿನ ಟ್ಯೂಬ್‌ಲೈಟ್ ಆಗ ಹೊತ್ತಿಕೊಳ್ಳುವುದೇ ಇಲ್ಲ. ಕೆಳಮಟ್ಟದ ವೋಲ್ಟೇಜಿನಲ್ಲೂ ಕೆಲಸ ಮಾಡುವ ಎಲ್.ಇ.ಡಿ. ದೀಪಗಳಿವೆ, ಪೆಟ್ಟಿಗೆಯ ಮೇಲೆ ವೋಲ್ಟೇಜಿನ ವ್ಯಾಪ್ತಿಯನ್ನು ಓದಿ ಆರಿಸಬೇಕು. ಎರಡನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಎಲ್.ಇ.ಡಿ. ಒಳಗಿನ ಇಲೆಕ್ಟ್ರಾನಿಕ್ ಭಾಗ ಒಂದೇ ಏಟಿಗೆ ಸುಟ್ಟುಹೋಗಬಹುದು. ಮನೆಗೆ ಸರಿಯಾದ ಅರ್ಥಿಂಗ್ ಇರುವುದು, ಗುಡುಗು ಕೇಳುವ ಮೊದಲೇ ಮುಖ್ಯ ಸ್ವಿಚ್ಚನ್ನು ಆರಿಸುವುದು ದೀಪದ ಆಯುಸ್ಸಿಗೂ ಮನೆಯವರ ಆಯುಸ್ಸಿಗೂ ಹಿತ.

ಎಲ್.ಇ.ಡಿ.ಗೆ ಶಾಖ ಶತ್ರು. ಗಾಜಿನ ಗೋಳದೊಳಗೆ ಮುಚ್ಚಿಟ್ಟ ಬಲ್ಬು, ಒಲೆಯ ನೇರ ಮೇಲೆ ತೂಗಿದ ಬಲ್ಬು ಬೇಗ ಕೆಡುತ್ತದೆ. ಪೆಟ್ಟಿಗೆಯ ಮೇಲಿನ 25,000 ಗಂಟೆಯ ಮಾತು ಗಾಳಿಯಾಡುವ ಜಾಗದಲ್ಲಿ ನಡೆಯಬಹುದು. ಹೊಗೆ ತುಂಬಿದ ಅಡುಗೆಮನೆಯ ಮುಚ್ಚಿದ ಗೋಳದಲ್ಲಿ ನಡೆಯುವುದಿಲ್ಲ.

ದೇವರ ಕೋಣೆಯ ಝೀರೋ ಬಲ್ಬು

ಅನೇಕ ಮನೆಗಳ ದೇವರ ಕೋಣೆಯಲ್ಲಿ, ಮಲಗುವ ಕೋಣೆಯಲ್ಲಿ ಕೆಂಪು ಅಥವಾ ನೀಲಿ ಬಣ್ಣದ ಝೀರೋ ಬಲ್ಬು ರಾತ್ರಿಯಿಡೀ ಉರಿಯುತ್ತದೆ. ಅದು ವಿದ್ಯುತ್ತನ್ನೇ ಬಳಸುವುದಿಲ್ಲ ಎಂಬ ನಂಬಿಕೆ ಹೆಸರಿನಿಂದ ಹುಟ್ಟಿದ್ದು. ವಾಸ್ತವದಲ್ಲಿ ಹಳೆಯ ಝೀರೋ ಬಲ್ಬು 12ರಿಂದ 15 ವಾಟ್ ಬಳಸುತ್ತದೆ. ಅಂದರೆ ಇಡೀ ನಡುಮನೆಯನ್ನು ಬೆಳಗುವ ಎಲ್.ಇ.ಡಿ. ಬಲ್ಬಿಗಿಂತ ಹೆಚ್ಚು! ರಾತ್ರಿ ಹತ್ತು ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಅದೇ ಜಾಗದಲ್ಲಿ ಅರ್ಧ ವಾಟಿನ ಎಲ್.ಇ.ಡಿ. ರಾತ್ರಿದೀಪ ತಿಂಗಳಿಗೆ ಒಂದು ಯೂನಿಟ್ಟಿನ ಆರನೆಯ ಒಂದು ಪಾಲನ್ನೂ ಬಳಸುವುದಿಲ್ಲ. ಮನೆಯಲ್ಲಿ ಮೊದಲು ಬದಲಿಸಬೇಕಾದ ದೀಪ ಯಾವುದೆಂದರೆ ಇದೇ.

ಟ್ಯೂಬ್‌ಲೈಟಿನ ವಿಚಾರವೂ ಹಾಗೆಯೇ. ಹಳೆಯ ದಪ್ಪ ಕೊಳವೆಯದು 40 ವಾಟ್, ಅದರ ತಾಮ್ರದ ಚೋಕು ಮತ್ತೆ ಹನ್ನೆರಡು ವಾಟಿನಷ್ಟು ನುಂಗುತ್ತದೆ. 18-20 ವಾಟಿನ ಎಲ್.ಇ.ಡಿ. ಕೊಳವೆ ಅದರ ಕೆಲಸವನ್ನು ಮಾಡುತ್ತದೆ. ಆದರೆ ತೆಗೆದ ಟ್ಯೂಬಿನಲ್ಲೂ ಸಿ.ಎಫ್.ಎಲ್.ನಲ್ಲೂ ಕೆಲವು ಮಿಲಿಗ್ರಾಂ ಪಾದರಸವಿದೆ. ಅದನ್ನು ಹಳ್ಳದ ದಂಡೆಗೆ, ಗೊಬ್ಬರದ ಗುಂಡಿಗೆ ಎಸೆದರೆ ಪಾದರಸ ನೀರಿಗಿಳಿದು ಮೀನಿನ ಮೂಲಕ ಮತ್ತೆ ಮನುಷ್ಯನ ತಟ್ಟೆಗೆ ಬರುತ್ತದೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಆ ಒಪ್ಪಂದದ ದೇಶಗಳು 2023ರಲ್ಲಿ ಸೇರಿ, ಪಾದರಸದ ಟ್ಯೂಬ್‌ಲೈಟುಗಳ ತಯಾರಿಕೆ ಮತ್ತು ವಹಿವಾಟನ್ನು 2027ರೊಳಗೆ ಕೊನೆಗೊಳಿಸಲು ತೀರ್ಮಾನಿಸಿವೆ. ದೀಪ ಒಡೆದರೆ ಕಿಟಕಿ ತೆರೆದು, ಕೋಣೆಯಿಂದ ಕಾಲು ಗಂಟೆ ಹೊರಗಿದ್ದು, ಚೂರುಗಳನ್ನು ದಪ್ಪ ಕಾಗದದಿಂದ ಬಳಿದು ಒದ್ದೆ ಬಟ್ಟೆಯಿಂದ ಒರೆಸಿ ಕಟ್ಟಿಡಬೇಕು. ಪೊರಕೆಯಿಂದ ಗುಡಿಸಿದರೆ ಪಾದರಸ ಗಾಳಿಗೇರುತ್ತದೆ. ಹಳೆಯ ದೀಪಗಳನ್ನು ಊರಿನ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಒಂದು ಪೆಟ್ಟಿಗೆಯಲ್ಲಿ ಸಂಗ್ರಹಿಸಿ, ವರ್ಷಕ್ಕೊಮ್ಮೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು.

ಬೆಳಕನ್ನು ಇಡುವ ಜಾಗ

ದೀಪದ ದೂರ ಎರಡು ಪಟ್ಟಾದರೆ ಕೆಲಸದ ಮೇಲೆ ಬೀಳುವ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರು ತಡರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾರೆ. ಚಪ್ಪರದ ತುದಿಯಲ್ಲಿ ನೂರು ವಾಟಿನ ದೀಪ ತೂಗಿಸಿ, ಅವರ ಬೆರಳಿನ ಮೇಲೆ ಅವರದೇ ನೆರಳು ಬೀಳುವಂತೆ ಮಾಡುವ ಮನೆಗಳಿವೆ. ಐದು ವಾಟಿನ ದೀಪವನ್ನು ಕತ್ತಿಯಿಂದ ನಾಲ್ಕಡಿ ಎತ್ತರದಲ್ಲಿ, ಎಡಕ್ಕೆ ಸ್ವಲ್ಪ ಸರಿಸಿ ಕಟ್ಟಿದರೆ ಬೆರಳೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. ಓದುವ ಮಕ್ಕಳ ಮೇಜಿಗೂ ಇದೇ ನಿಯಮ.

ಗೋಡೆಯೂ ದೀಪದ ಒಂದು ಭಾಗ. ಹೊಗೆ ಹಿಡಿದು ಕಪ್ಪಾದ ಅಡುಗೆಮನೆಯ ಗೋಡೆ ಬೆಳಕನ್ನು ಕುಡಿದುಬಿಡುತ್ತದೆ. ವರ್ಷಕ್ಕೊಮ್ಮೆ ಸುಣ್ಣ ಬಳಿದ ಗೋಡೆ ಅದೇ ಬೆಳಕನ್ನು ಕೋಣೆಗೆ ಹಿಂದಿರುಗಿಸುತ್ತದೆ. ಹಗಲಿನ ದೀಪವಂತೂ ಹಿರಿಯರಿಗೆ ಗೊತ್ತಿತ್ತು. ಹಂಚಿನ ಮಾಡಿನಲ್ಲಿ ಎರಡು ಗಾಜಿನ ಹಂಚು, ಒಲೆಯ ಮೇಲೊಂದು ಬೆಳಕಿಂಡಿ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮೊದಲ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡಿನ ಮನೆಗಳಿಗೆ ಬಂದ ಹಂಚಿನ ಮಾಡು ಈ ಅನುಕೂಲವನ್ನು ತಂದಿತು. ಹಗಲು ಹೊತ್ತು ದೀಪ ಹಚ್ಚಬೇಕಾದ ಕೋಣೆಗೆ ಎಲ್.ಇ.ಡಿ. ತರುವ ಮೊದಲು ಒಂದು ಗಾಜಿನ ಹಂಚನ್ನು ತರುವುದು ಲೇಸು. ಅದಕ್ಕೆ ಬಿಲ್ಲೂ ಇಲ್ಲ, ನದಿಯೂ ಬೇಡ.

ಫ್ಯಾನಿನ ವಿಚಾರ

ದೀಪದ ಲೆಕ್ಕ ಬಹಳ ಮನೆಗಳಲ್ಲಿ ಅರ್ಧ ಮುಗಿದಿದೆ. ಉಳಿದಿರುವುದು ಫ್ಯಾನು. ಹಿಂದೆ ಮಲೆನಾಡಿನ ಮನೆಗೆ ಫ್ಯಾನು ಬೇಕಾಗಿರಲಿಲ್ಲ. ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ, ಅದರ ಮೇಲೆ ಹಂಚು. ಬಿಸಿಲಿನ ಕಾವು ಅಟ್ಟದಲ್ಲೇ ನಿಂತು ಹಂಚಿನ ಸಂದಿಯಿಂದ ಹೊರಹೋಗುತ್ತಿತ್ತು. ಆ ಮಾಡನ್ನು ಕಿತ್ತು ಸಿಮೆಂಟಿನ ತಾರಸಿ ಹಾಕಿದಾಗ ಫ್ಯಾನೂ ಜೊತೆಗೇ ಬಂತು. ತಾರಸಿ ಹಗಲಿನ ಕಾವನ್ನು ಹೀರಿಟ್ಟುಕೊಂಡು ರಾತ್ರಿಯಿಡೀ ಕೆಳಗೆ ಬಿಡುತ್ತದೆ. ಆದ್ದರಿಂದ ಫ್ಯಾನಿನ ಆಯ್ಕೆ ಮಾಡಿನ ಆಯ್ಕೆಯಿಂದಲೇ ಆರಂಭವಾಗುತ್ತದೆ ಎಂಬುದನ್ನು ಹೊಸ ಮನೆ ಕಟ್ಟುವವರು ನೆನಪಿಡಬೇಕು. ಎದುರುಬದುರು ಕಿಟಕಿ, ತಾರಸಿಯ ಮೇಲೊಂದು ಹಂಚಿನ ಹೊದಿಕೆ, ಪಶ್ಚಿಮಕ್ಕೊಂದು ಮರ ಇವು ಮೂರೂ ಇದ್ದರೆ ಫ್ಯಾನಿನ ಗಂಟೆಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ. ಅದು ಮೈಯ ಬೆವರನ್ನು ಆರಿಸಿ ಮನುಷ್ಯನಿಗೆ ತಂಪೆನಿಸುವಂತೆ ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನಿನಿಂದ ಆ ಕೋಣೆಗೆ ಮೋಟರಿನ ಶಾಖವಷ್ಟೇ ಲಾಭ.

ಸಾಮಾನ್ಯ ಮಾಡು ಫ್ಯಾನು 70ರಿಂದ 80 ವಾಟ್ ಬಳಸುತ್ತದೆ. ಬಿ.ಎಲ್.ಡಿ.ಸಿ. ಎಂದು ಕರೆಯುವ ಹೊಸ ಬಗೆಯ ಫ್ಯಾನಿನ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತಗಳಿರುತ್ತವೆ. ಸುರುಳಿಗಳಿಗೆ ವಿದ್ಯುತ್ತನ್ನು ಸಣ್ಣ ಇಲೆಕ್ಟ್ರಾನಿಕ್ ಹಲಗೆ ಸರದಿಯಂತೆ ಹರಿಸುತ್ತದೆ. ಇದರಿಂದ ಪೂರ್ಣ ವೇಗದಲ್ಲೂ 28ರಿಂದ 35 ವಾಟ್ ಸಾಕಾಗುತ್ತದೆ. ವೇಗ ತಗ್ಗಿಸಿದರೆ ಹತ್ತು ವಾಟಿನ ಆಸುಪಾಸಿಗೂ ಇಳಿಯುತ್ತದೆ. 2023ರ ಜನವರಿ 1ರಿಂದ ಮಾಡು ಫ್ಯಾನುಗಳಿಗೆ ನಕ್ಷತ್ರ ಚೀಟಿ ಕಡ್ಡಾಯವಾಗಿದೆ. ಆ ಚೀಟಿಯಲ್ಲಿ ನಕ್ಷತ್ರದ ಜೊತೆಗೆ ‘ಸೇವಾ ಮೌಲ್ಯ’ ಎಂಬ ಸಂಖ್ಯೆಯನ್ನು ನೋಡಬೇಕು. ಒಂದು ವಾಟ್ ವಿದ್ಯುತ್ತಿಗೆ ಫ್ಯಾನು ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಕೊಡುತ್ತದೆ ಎಂಬುದರ ಅಳತೆ ಅದು. ವಾಟು ಕಡಿಮೆಯೆಂದು ತಂದು, ಗಾಳಿಯೂ ಕಡಿಮೆಯಾದರೆ ಕೊಂಡದ್ದು ವ್ಯರ್ಥ.

ಹಾಗಾದರೆ ಎಲ್ಲ ಹಳೆಯ ಫ್ಯಾನುಗಳನ್ನೂ ಇಳಿಸಬೇಕೇ? ಇಲ್ಲಿ ವಿವೇಕ ಬೇಕು. 75 ವಾಟಿನ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 22.5 ಯೂನಿಟ್. 30 ವಾಟಿನದು 9 ಯೂನಿಟ್. ಉಳಿತಾಯ 13.5 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ತಿಂಗಳಿಗೆ 81 ರೂಪಾಯಿ. ಕರಾವಳಿಯ ಮನೆಯಲ್ಲಿ ಫ್ಯಾನು ವರ್ಷದ ಬಹುಪಾಲು ತಿರುಗುತ್ತದೆ. ಸಾವಿರದಿಂದ ಒಂದೂವರೆ ಸಾವಿರ ರೂಪಾಯಿಯ ಹೆಚ್ಚುವರಿ ಬೆಲೆ ಒಂದೂವರೆ ಎರಡು ವರ್ಷಗಳಲ್ಲಿ ಹಿಂದಿರುಗುತ್ತದೆ. ಬೇಸಿಗೆಯ ನಾಲ್ಕು ತಿಂಗಳು ಮಾತ್ರ ಫ್ಯಾನು ಬೇಕಾಗುವ ಘಟ್ಟದ ಮೇಲಿನ ಮನೆಯಲ್ಲಿ ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ನೆಂಟರು ಬಂದಾಗ ಮಾತ್ರ ತೆರೆಯುವ ಕೋಣೆಯ ಫ್ಯಾನನ್ನು ಬದಲಿಸಬೇಕಾಗಿಲ್ಲ. ಒಂದು ಫ್ಯಾನನ್ನು ತಯಾರಿಸಲೂ ಲೋಹ, ಅಯಸ್ಕಾಂತ, ಇಂಧನ ಖರ್ಚಾಗಿರುತ್ತದೆ. ದಿನವೂ ತಿರುಗುವ ಫ್ಯಾನು ಮೊದಲು. ಹೊಸದಾಗಿ ಕೊಳ್ಳುವಾಗಲಂತೂ ದಕ್ಷವಾದುದೇ.

ಇರುವ ಫ್ಯಾನಿಗೂ ಉಪಚಾರವಿದೆ. ವೇಗ ಕುಂದಿದ ಫ್ಯಾನಿನಲ್ಲಿ ಬಹಳ ಸಲ ಕೆಟ್ಟಿರುವುದು ಸಣ್ಣ ಕೆಪಾಸಿಟರ್ ಮಾತ್ರ. ಅದನ್ನು ಅಲ್ಪ ವೆಚ್ಚದಲ್ಲಿ ಬದಲಿಸಬಹುದು. ಗೋಡೆಯ ಮೇಲಿನ ಹಳೆಯ ಬಿಸಿಯಾಗುವ ದಪ್ಪ ರೆಗ್ಯುಲೇಟರ್ ವೇಗ ತಗ್ಗಿಸುತ್ತದೆ, ಆದರೆ ಉಳಿದ ವಿದ್ಯುತ್ತನ್ನು ಶಾಖವಾಗಿ ಚೆಲ್ಲುತ್ತದೆ. ಇಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಗೆ ಮಾಡುವುದಿಲ್ಲ. ಬಿ.ಎಲ್.ಡಿ.ಸಿ. ಫ್ಯಾನಿಗೆ ಮಾತ್ರ ಹಳೆಯ ರೆಗ್ಯುಲೇಟರನ್ನು ಜೋಡಿಸಬಾರದು. ವೇಗದ ನಿಯಂತ್ರಣ ಅದರೊಳಗೇ ಇರುತ್ತದೆ. ರೆಕ್ಕೆಗಳು ನೆಲದಿಂದ ಏಳೂವರೆ ಎಂಟು ಅಡಿ ಎತ್ತರದಲ್ಲಿ, ಮುಚ್ಚಿಗೆಯಿಂದ ಒಂದು ಅಡಿ ಕೆಳಗೆ ಇರಬೇಕು. ತಗ್ಗು ಮುಚ್ಚಿಗೆಯ ಹಳೆಯ ಮನೆಗಳಲ್ಲಿ ಇದಕ್ಕೆ ಜಾಗವಿಲ್ಲ. ಅಲ್ಲಿ ಗೋಡೆಯ ಫ್ಯಾನು ಸುರಕ್ಷಿತ.

ಕರೆಂಟು ಹೋದ ವಾರ

ಮಲೆನಾಡಿನಲ್ಲಿ ಈ ಆಯ್ಕೆಯ ಪರೀಕ್ಷೆ ನಡೆಯುವುದು ಆಷಾಢದ ಗಾಳಿಯಲ್ಲಿ. ಮರ ಬಿದ್ದು ಕಂಬ ಮುರಿದರೆ ದಿನಗಟ್ಟಲೆ ಕರೆಂಟಿಲ್ಲ. ಇನ್ವರ್ಟರ್ ಬ್ಯಾಟರಿಯಿಂದ ಸ್ಥೂಲವಾಗಿ ಒಂದು ಯೂನಿಟ್ ಬಳಸಬಹುದೆಂದು ಹಿಡಿದರೆ, ನಾಲ್ಕು ಹಳೆಯ ಬಲ್ಬು ಮತ್ತು ಎರಡು ಹಳೆಯ ಫ್ಯಾನುಗಳ 390 ವಾಟಿನ ಹೊರೆಯನ್ನು ಅದು ಎರಡೂವರೆ ಗಂಟೆ ಹೊರುತ್ತದೆ. ನಾಲ್ಕು ಎಲ್.ಇ.ಡಿ. ಮತ್ತು ಎರಡು ಬಿ.ಎಲ್.ಡಿ.ಸಿ. ಫ್ಯಾನುಗಳ 96 ವಾಟಿನ ಹೊರೆಯನ್ನು ಹತ್ತು ಗಂಟೆ ಹೊರುತ್ತದೆ. ಬ್ಯಾಟರಿ ಅದೇ, ಖರ್ಚು ಅದೇ.

ಸೌರ ದೀಪಕ್ಕೂ ಈ ಮಾತು ಅನ್ವಯಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಸೂರ್ಯನನ್ನು ನಂಬುವಂತಿಲ್ಲ. ಆದರೆ ಅದೇ ಕಾಲದಲ್ಲಿ ಮನೆಯ ಹಿಂದಿನ ಹಳ್ಳ ತುಂಬಿ ಹರಿಯುತ್ತದೆ. ಪಶ್ಚಿಮ ಘಟ್ಟದ ಅನೇಕ ಮನೆಗಳವರು ಹಳ್ಳಕ್ಕೆ ಅಣೆ ಕಟ್ಟದೆ, ಕೊಳವೆಯೊಂದರಲ್ಲಿ ಸ್ವಲ್ಪ ನೀರನ್ನು ಇಳಿಸಿ, ಒಂದು ಕಿಲೋವಾಟಿನ ಆಸುಪಾಸಿನ ಕಿರು ಟರ್ಬೈನಿನಿಂದ ದೀಪ ಹಚ್ಚಿಕೊಂಡಿದ್ದಾರೆ. ನೀರು ಕೆಲಸ ಮಾಡಿ ಮತ್ತೆ ಹಳ್ಳಕ್ಕೇ ಸೇರುತ್ತದೆ. ಮಳೆಗಾಲಕ್ಕೆ ಹಳ್ಳ, ಬೇಸಿಗೆಗೆ ಸೂರ್ಯ. ಬಳಕೆ ಮಿತವಾಗಿದ್ದಾಗ ಮಾತ್ರ ಈ ಎರಡು ಸಣ್ಣ ಮೂಲಗಳು ಸಾಕಾಗುತ್ತವೆ.

ಸೊನ್ನೆ ಬಿಲ್ಲಿನ ಪ್ರಶ್ನೆ

2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತಿದೆ. ಬಡ ಕುಟುಂಬಕ್ಕೆ ಅದು ದೊಡ್ಡ ಆಸರೆ. ಆದರೆ “ಬಿಲ್ಲೇ ಇಲ್ಲದ ಮೇಲೆ ಉಳಿಸುವುದು ಯಾರಿಗಾಗಿ?” ಎಂಬ ಮಾತೂ ಜಗಲಿಗಳಲ್ಲಿ ಕೇಳಿಬರುತ್ತಿದೆ. ಬಿಲ್ಲಿನಲ್ಲಿ ಸೊನ್ನೆ ಬರೆದರೆ ಅಣೆಕಟ್ಟಿನಲ್ಲಿ ನೀರು ಉಳಿಯುವುದಿಲ್ಲ. ಹಣವನ್ನು ಸರ್ಕಾರದ ಬೊಕ್ಕಸ ಕಟ್ಟುತ್ತದೆ, ನೀರನ್ನು ನದಿ ಕಟ್ಟುತ್ತದೆ.

ಐದು 60 ವಾಟಿನ ಬಲ್ಬು ದಿನಕ್ಕೆ ನಾಲ್ಕು ಗಂಟೆ, ಎರಡು ಹಳೆಯ ಫ್ಯಾನು ಹತ್ತು ಗಂಟೆ, ಒಂದು ಝೀರೋ ಬಲ್ಬು ರಾತ್ರಿ ಹತ್ತು ಗಂಟೆ ಇರುವ ಮನೆಯಲ್ಲಿ ಬೇಸಿಗೆಯ ತಿಂಗಳೊಂದಕ್ಕೆ 85 ಯೂನಿಟ್ ಮೀರುತ್ತದೆ. ಅದೇ ಬೆಳಕು, ಅದೇ ಗಾಳಿ ದಕ್ಷ ಸಾಧನಗಳಿಂದ 24 ಯೂನಿಟ್ಟಿನೊಳಗೆ ದೊರೆಯುತ್ತದೆ. ಉಳಿದದ್ದು ಸುಮಾರು 62 ಯೂನಿಟ್. ಶರಾವತಿಯ ಲೆಕ್ಕದಲ್ಲಿ 62 ಸಾವಿರ ಲೀಟರ್ ನೀರು. ಮನೆಯಲ್ಲಿ ಉಳಿದ ಯೂನಿಟ್ಟಿಗೆ ದಾರಿಯ ತಂತಿಯಲ್ಲಿ ಸೋರಿಹೋಗುವ ಪಾಲೂ ಉಳಿಯುತ್ತದೆ.

ಈ ಉಳಿತಾಯದ ಹೊತ್ತೂ ಮುಖ್ಯ. ಸೂರ್ಯ ಮುಳುಗಿದೊಡನೆ ಸೌರ ವಿದ್ಯುತ್ತು ನಿಲ್ಲುತ್ತದೆ. ಅದೇ ಗಳಿಗೆಯಲ್ಲಿ ದೀಪ, ಫ್ಯಾನುಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಈ ಸಂಜೆಯ ಬೇಡಿಕೆಯ ಹೆಸರಿನಲ್ಲೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ನೆಲೆಯಲ್ಲಿ, 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಪ್ರಸ್ತಾಪಿಸಲಾಗಿದೆ. ಒಂದು ಹಳ್ಳಿ ಫ್ಯಾನು ಬದಲಿಸಿದ ಮಾತ್ರಕ್ಕೆ ಅಂಥ ಯೋಜನೆ ನಿಲ್ಲುವುದಿಲ್ಲ. ಆದರೆ ನಾಡಿನ ಸಂಜೆಯ ಬೇಡಿಕೆಯನ್ನು ಕಾಡು ಕಡಿಯದೆಯೂ ತಗ್ಗಿಸಬಹುದೆಂದು ವಾದಿಸುವವರ ಕೈಯಲ್ಲಿ ತಮ್ಮದೇ ಮೀಟರಿನ ಸಾಕ್ಷ್ಯವಿದ್ದರೆ ವಾದದ ತೂಕ ಬೇರೆಯಾಗುತ್ತದೆ.

ಕತ್ತಲೆಯೂ ಒಂದು ಸಂಪತ್ತು

ಕೊನೆಯದಾಗಿ ಒಂದು ಎಚ್ಚರ. ಎಲ್.ಇ.ಡಿ. ಅಗ್ಗವಾದ ಮೇಲೆ ಅಂಗಳದಲ್ಲಿ, ಕೊಟ್ಟಿಗೆಯಲ್ಲಿ, ತೋಟದ ಬೇಲಿಯಲ್ಲಿ ರಾತ್ರಿಯಿಡೀ ಉರಿಯುವ ಬಿಳಿಯ ದೀಪಗಳು ಹೆಚ್ಚಿವೆ. ಮುಂಗಾರಿನ ಮೊದಲ ಮಳೆಗೆ ಮರದ ತುಂಬ ಮಿನುಗುವ ಮಿಂಚುಹುಳಗಳು ತಮ್ಮ ಸಂಗಾತಿಯನ್ನು ಬೆಳಕಿನ ಸಂಜ್ಞೆಯಿಂದಲೇ ಹುಡುಕುತ್ತವೆ. ಮನುಷ್ಯನ ದೀಪದ ಮುಂದೆ ಆ ಸಂಜ್ಞೆ ಅಳಿಸಿಹೋಗುತ್ತದೆ. ನೀಲಿ ಛಾಯೆಯ 6,500 ಕೆಲ್ವಿನ್ ದೀಪಕ್ಕೆ ಹುಳಗಳು ಹೆಚ್ಚು ಮುತ್ತುತ್ತವೆ; 2,700-3,000 ಕೆಲ್ವಿನ್‌ನ ಹಳದಿ ಛಾಯೆಯ ದೀಪಕ್ಕೆ ಕಡಿಮೆ. ಹೊರಗಿನ ದೀಪ ಹಳದಿಯದಾಗಿರಲಿ, ಮುಖ ನೆಲದ ಕಡೆಗಿರಲಿ, ಬೇಕಾದಾಗ ಮಾತ್ರ ಉರಿಯಲಿ. ಉಳಿಸಿದ ವಿದ್ಯುತ್ತನ್ನು ಕಾಡಿನ ಕತ್ತಲೆಯನ್ನು ಕೆಡಿಸಲು ಬಳಸಿದರೆ ಉಳಿಸಿದ ಫಲವೇನು?

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಬಾಕಿಯಿದೆ. ಈ ವಾರ ಪ್ರತಿಯೊಬ್ಬರೂ ತಮ್ಮ ಮನೆಯ ದೀಪ, ಫ್ಯಾನುಗಳ ವಾಟು ಮತ್ತು ಗಂಟೆಗಳನ್ನು ಬರೆದು, ಗುಣಿಸಿ, ಮೀಟರಿನ ಅಂಕಿಯೊಡನೆ ಹೋಲಿಸಲಿ. ಹತ್ತು ಮನೆಗಳ ಲೆಕ್ಕ ಸೇರಿದರೆ ಒಂದು ಕೇರಿಯ ಲೆಕ್ಕ. ಎಲ್ಲ ಕೇರಿಗಳದೂ ಸೇರಿದರೆ ಊರಿನ ಲೆಕ್ಕ. ಅದನ್ನು ಗ್ರಾಮಸಭೆಯ ಮುಂದಿಡಲಿ. ನಾಳೆ ಯಾರಾದರೂ ಬಂದು “ನಿಮ್ಮ ಮನೆಯಲ್ಲಿ ದೀಪ ಉರಿಯುವುದಿಲ್ಲವೇ?” ಎಂದು ಕೇಳಿದಾಗ, ಊರಿನ ಹಿರಿಯರು ಆ ಹಾಳೆಯನ್ನು ತೆಗೆದು ತೋರಿಸಲಿ: ಉರಿಯುತ್ತದೆ, ಇಷ್ಟೇ ನೀರಿನಲ್ಲಿ ಉರಿಯುತ್ತದೆ.